ಕೋಣೆ ಖಾಲಿಯಿಲ್ಲ

ಆ ಮನೆಯಲ್ಲಿ ನಾಲ್ಕು ಜನ. ಲಿಫ್ಟ್ ರಿಪೇರಿ ಮಾಡುವ ಗಂಡ, ಯೂನಿಫಾರ್ಮ್ ಹೊಲಿಯುವ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವ ಹೆಂಡತಿ, ಹದಿನೈದು ವರ್ಷದ ಒಬ್ಬ ಹುಡುಗಿ, ಒಬ್ಬ ಅಜ್ಜಿ. ಹುಡುಗಿ ಗಂಡನ ಮೊದಲ ಹೆಂಡತಿಯ ಮಗಳು. ಅಜ್ಜಿ ಆ ಮೊದಲ ಹೆಂಡತಿಯ ತಾಯಿ. ಮಗಳು ತೀರಿಕೊಂಡಾಗ ಐದು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲೆಂದು ಬಂದ ಅಜ್ಜಿ, ಅಳಿಯ ಮರುಮದುವೆಯಾದ ಮೇಲೂ ಅಲ್ಲೇ ಉಳಿದರು. ಹೋಗಿ ಎನ್ನುವ ಮನಸ್ಸು ಯಾರಿಗೂ ಬರಲಿಲ್ಲ, ಹೋಗುತ್ತೇನೆ ಎಂದು ಅವರೂ ಹೇಳಲಿಲ್ಲ. ಹೀಗಾಗಿ ಎರಡನೆಯವಳ ಪಾಲಿಗೆ ಮನೆಯಲ್ಲಿ ಅತ್ತೆಯ ಜಾಗದಲ್ಲಿ ಕೂತದ್ದು ಸವತಿಯ ತಾಯಿ. ವರ್ಕ್‌ಶಾಪಿನ ಹೆಂಗಸರು ಇದನ್ನು ಕೇಳಿ ಮೊದಲು ನಕ್ಕರು, ಆಮೇಲೆ ಅಯ್ಯೋ ಪಾಪ ಅಂದರು.

ಹುಡುಗಿ ಈ ಎರಡನೆಯವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು. ಬರಬರುತ್ತಾ ಅಜ್ಜಿಯ ಬಾಯಲ್ಲೂ, ಹಾಲಿನವನ ಬಾಯಲ್ಲೂ, ಪಕ್ಕದ ಮನೆಯವರ ಬಾಯಲ್ಲೂ ಅವಳು ಚಿಕ್ಕಮ್ಮನೇ ಆದಳು. ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಪಿಟೀಲು ಎಂದು. ಕೂಸಾಗಿದ್ದಾಗ ಒಂದೇ ಎಳೆಯಲ್ಲಿ, ಕಮಾನು ಎತ್ತದೆ, ಗಂಟೆಗಟ್ಟಲೆ ಅಳುತ್ತಿದ್ದಳಂತೆ.

ಮದುವೆಯಾಗಿ ಆರು ವರ್ಷದಲ್ಲಿ ನಾಲ್ವರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿದವರಲ್ಲ. ಆ ವರ್ಷ ಗಂಡನಿಗೆ ಕಂಪನಿಯವರು ಮುಂದಿನ ತಿಂಗಳು ನಾಲ್ಕು ದಿನ ರಜೆ ಕೊಟ್ಟರು. ಸುದ್ದಿಯನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದ. ಎಲ್ಲಿಗಾದರೂ ಹೋಗೋಣ, ಎಲ್ಲಿಗೆ ಅಂತ ನೀವೇ ಹೇಳಿ ಅಂದ. ಚಿಕ್ಕಮ್ಮ ಬಾಯಲ್ಲಿದ್ದ ತುತ್ತನ್ನು ನುಂಗುವಷ್ಟರಲ್ಲಿ ಪಿಟೀಲು ಉತ್ತರ ಕೊಟ್ಟಾಗಿತ್ತು.

"ಹಿನ್ನೀರಿಗೆ. ಹದಿಮೂರನೇ ತಾರೀಕು ರಾತ್ರಿ ಉಲ್ಕೆ ಬೀಳುತ್ತೆ. ಚಂದ್ರನೂ ಇರಲ್ಲ. ಅಪ್ಪ ಅಮ್ಮ ಹೋಗಿದ್ದ ಜಾಗಕ್ಕೇ ಹೋಗೋಣ."

ಹಿನ್ನೀರು ಎಂದರೆ ಒಂದು ಹಳೆಯ ಅಣೆಕಟ್ಟಿನ ಹಿಂದೆ ನಿಂತ ನೀರು, ಅದರ ದಡದಲ್ಲಿ ಒಂದು ವಸತಿಗೃಹ. ಸುತ್ತ ಹತ್ತಾರು ಕಿಲೋಮೀಟರು ಊರಿಲ್ಲ, ದೀಪವಿಲ್ಲ. ಪಿಟೀಲು ಹುಟ್ಟುವ ಮೊದಲು ಅವಳ ಅಪ್ಪ ಅಮ್ಮ ಅಲ್ಲಿಗೆ ಹೋಗಿ ಉಲ್ಕೆಗಳನ್ನು ನೋಡಿದ್ದರು. ಒಂದೇ ಹೊದಿಕೆಯನ್ನು ಇಬ್ಬರೂ ಹೊದ್ದು ಕಲ್ಲುಬೆಂಚಿನ ಮೇಲೆ ಕೂತ ಅವರ ಫೋಟೋ ಮನೆಯ ಹಜಾರದಲ್ಲಿತ್ತು. ಆ ರಾತ್ರಿ ಪಿಟೀಲಿನ ಅಮ್ಮ ನೂರ ಹನ್ನೆರಡು ಉಲ್ಕೆಗಳನ್ನು ಎಣಿಸಿದ್ದಳು. ಈ ಲೆಕ್ಕವನ್ನು ಚಿಕ್ಕಮ್ಮ ಮದುವೆಯಾಗಿ ಬಂದ ವಾರವೇ ಕೇಳಿದ್ದಳು, ಆಮೇಲೆ ಎಷ್ಟು ಸಲ ಕೇಳಿದಳೆಂದು ಎಣಿಸುವುದನ್ನು ಬಿಟ್ಟಿದ್ದಳು. ವಾರಕ್ಕೊಮ್ಮೆ ಆ ಫೋಟೋದ ಗಾಜು ಒರೆಸುವವಳೂ ಅವಳೇ. ಬದುಕಿರುವ ಸವತಿಯಾದರೆ ಜಗಳವಾಡಬಹುದು, ಮಾತು ಬಿಡಬಹುದು, ಒಂದು ದಿನ ರಾಜಿಯೂ ಆಗಬಹುದು. ಗೋಡೆಯ ಮೇಲಿನ ಸವತಿ ಏನು ಮಾಡಿದರೂ ನಗುತ್ತಲೇ ಇರುತ್ತಾಳೆ, ವಯಸ್ಸೂ ಆಗುವುದಿಲ್ಲ.

"ಅಲ್ಲಿ ತುಂಬಾ ಮೆಟ್ಟಿಲು ಅಂತ ನೀವೇ ಹೇಳಿದ್ರಿ," ಎಂದು ಅವಳು ಗಂಡನಿಗೆ ಹೇಳಿದಳು. "ಅಜ್ಜಿ ಮಂಡಿ ನೋವು ಇಟ್ಟುಕೊಂಡು ಹತ್ತೋದು ಹೇಗೆ?"

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಸೂಪಿಗೆ ಉಪ್ಪು ಹಾಕಿಕೊಂಡು, ನನ್ನ ಮಂಡಿಯ ಮೇಲೆ ಯಾರೂ ತೀರ್ಮಾನ ಮಾಡಬೇಡಿ ಅಂದರು. ಹೋಗೋಣ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮರುದಿನ ಚಿಕ್ಕಮ್ಮ ಸಮುದ್ರದ ಮಾತೆತ್ತಿದಳು. ವರ್ಕ್‌ಶಾಪಿನಲ್ಲಿ ಗುಂಡಿ ಹಾಕುವವಳ ಅಣ್ಣ ಕಡಲತೀರದಲ್ಲಿ ಒಂದು ಲಾಡ್ಜ್ ಇಟ್ಟಿದ್ದ. ನೆಲದ ಮಟ್ಟದಲ್ಲೇ ಕೋಣೆಗಳು, ಬಾಗಿಲು ತೆರೆದರೆ ಮರಳು. ಆಕಾಶ ಅಲ್ಲೂ ಇರುತ್ತದಲ್ಲ ಎಂಬುದು ಅವಳ ವಾದ. ಪಿಟೀಲು ಅದಕ್ಕೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಶಾಲೆಯಿಂದ ಬಂದವಳೇ ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದು, ದೀಪ ಹೆಚ್ಚಿರುವ ಕಡೆ ಹಳದಿ, ಇಲ್ಲದ ಕಡೆ ಕಪ್ಪು ಬಳಿದು ಊಟದ ಮೇಜಿನ ಮೇಲೆ ಹರಡಿದಳು. ಕಡಲತೀರ ಉದ್ದಕ್ಕೂ ಹಳದಿ. ಹಿನ್ನೀರು ಮಸಿಯ ಹಾಗೆ ಕಪ್ಪು. ಚಿಕ್ಕಮ್ಮ ಅದೇ ನಕ್ಷೆಯ ಮೇಲೆ ಬಿಸಿ ಪಾತ್ರೆ ಇಟ್ಟಳು. ಬೇಕೆಂದೇ ಇಟ್ಟಳೋ, ನೋಡದೆ ಇಟ್ಟಳೋ, ಅವಳಿಗೇ ಗೊತ್ತಿರಲಿಲ್ಲ. ಕಪ್ಪು ಬಣ್ಣ ಪಾತ್ರೆಯ ತಳಕ್ಕೆ ಅಂಟಿತು.

ಎರಡು ವಾರ ಇದೇ ನಡೆಯಿತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಬಾತ್‌ರೂಮಿನ ಬಾಗಿಲ ಮುಂದೆ ಸರದಿ ಕಾಯುವಾಗ ಸಮುದ್ರ ಮತ್ತು ಹಿನ್ನೀರು. ಪಿಟೀಲು ತನ್ನ ಸರದಿಯ ಕಸ ಗುಡಿಸುವುದನ್ನು ಮರೆತಳು. ಚಿಕ್ಕಮ್ಮ ಅವಳ ಶಾಲೆಯ ಶರಟಿಗೆ ಇಸ್ತ್ರಿ ಹಾಕುವುದನ್ನು ಮರೆತಳು. ಗಂಡನಿಗೆ ಅತ್ತ ದರಿ, ಇತ್ತ ಪುಲಿ. ಕೆಲಸದಲ್ಲಿ ಹತ್ತನೇ ಮಹಡಿಗೂ ಹನ್ನೊಂದಕ್ಕೂ ನಡುವೆ ಸಿಕ್ಕಿಕೊಂಡ ಜನರನ್ನು ಇಳಿಸಿ ಬರುತ್ತಿದ್ದವನಿಗೆ, ಮನೆಯಲ್ಲಿ ತಾನೇ ಸಿಕ್ಕಿಕೊಂಡ ಹಾಗಾಗಿತ್ತು. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ ತೀರ್ಪು ಕೊಟ್ಟ.

"ಹಿನ್ನೀರಿಗೇ ಹೋಗೋಣ. ಹುಡುಗಿ ಒಂದೇ ಒಂದು ಕೇಳಿದ್ದಾಳೆ." ಆಮೇಲೆ ಹೆಂಡತಿಯ ಕಡೆ ತಿರುಗಿ, ಇಡೀ ದಿನ ಲಿಫ್ಟಿನ ತಳದ ಗುಂಡಿಯಲ್ಲಿರುತ್ತೇನೆ, ಸಿಗ್ನಲ್ ಸಿಗೋದಿಲ್ಲ, ನೀನೇ ಫೋನ್ ಮಾಡಿ ಎರಡು ಕೋಣೆ ಹೇಳಿಬಿಡು ಅಂದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ಕತ್ತರಿಸುವ ಮೇಜಿನ ಮೇಲೆ ಅರ್ಧ ಕತ್ತರಿಸಿದ ನರ್ಸುಗಳ ಕೋಟುಗಳ ಪಕ್ಕ ಕೂತು ಅವಳು ಫೋನ್ ಮಾಡಿದಳು. ವಸತಿಗೃಹ ನೋಡಿಕೊಳ್ಳುವ ಮೇಟಿ ಮುದುಕನಿರಬೇಕು, ಮಾತು ನಿಧಾನ. ಎರಡು ಕೋಣೆ ಇದೆ ಅಂದ. ಉಲ್ಕೆ ನೋಡೋಕೆ ತಾನೇ, ಆ ರಾತ್ರಿ ಹೊರಗಿನ ದೀಪ ಎಲ್ಲಾ ಆರಿಸ್ತೀವಿ, ದಡದಲ್ಲಿ ಕಲ್ಲುಬೆಂಚು ಇವೆ, ಹೊದಿಕೆ ನಾವೇ ಕೊಡ್ತೀವಿ ಅಂದ. ಹೊದಿಕೆ ಎಂಬ ಮಾತು ಕೇಳಿದ್ದೇ ಅವಳಿಗೆ ಹಜಾರದ ಫೋಟೋ ಕಣ್ಮುಂದೆ ಬಂತು.

ಆಮೇಲೆ ಹೇಳುತ್ತೇನೆ ಅಂದು ಇಟ್ಟುಬಿಟ್ಟಳು.

ಸಂಜೆ ಮನೆಯ ಬಾಗಿಲಲ್ಲೇ ಪಿಟೀಲು ಕಾಯುತ್ತಿದ್ದಳು. ಚಿಕ್ಕಮ್ಮ ಚಪ್ಪಲಿ ಬಿಡುತ್ತಾ, ಮುಖ ಎತ್ತದೆ, "ಕೋಣೆ ಖಾಲಿಯಿಲ್ಲವಂತೆ. ಒಂದೂ ಇಲ್ಲ," ಅಂದಳು. ಹುಡುಗಿ ವಾದ ಮಾಡಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದಾಗ ಕಣ್ಣು ಕೆಂಪಾಗಿತ್ತು, ತಟ್ಟೆ ಎತ್ತಿಕೊಂಡು ಮತ್ತೆ ಒಳಗೆ ಹೋದಳು. ಗಂಡ, ಸರಿ ಹಾಗಾದರೆ, ಸಮುದ್ರಕ್ಕೇ ಹೇಳಿಬಿಡು ಅಂದ. ಅವನ ದನಿಯಲ್ಲಿ ಬೇಜಾರಿಗಿಂತ ಭಾರ ಇಳಿಸಿಕೊಂಡ ಸಮಾಧಾನವೇ ಹೆಚ್ಚಿದ್ದ ಹಾಗೆ ಅವಳಿಗೆ ಕೇಳಿಸಿತು. ಅಂದು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಗೆದ್ದ ಖುಷಿ ಗುರುವಾರದವರೆಗೆ ಇತ್ತು. ಗುರುವಾರ ಸಂಜೆ ಅಡುಗೆಮನೆಯಲ್ಲಿ ಅಜ್ಜಿ, ಚಿಕ್ಕಮ್ಮ ಇಬ್ಬರೇ ಕೂತು ಬಟಾಣಿ ಸುಲಿಯುತ್ತಿದ್ದರು. ಅಜ್ಜಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮಾತು ಶುರುಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

"ಹಿನ್ನೀರಿಗೆ ನಾನೂ ಫೋನ್ ಮಾಡಿದ್ದೆ," ಅಂದರು. "ಹುಡುಗಿ ಅತ್ತಳಲ್ಲ. ಯಾರಾದ್ರೂ ಕೋಣೆ ಬಿಟ್ಟರೆ ನಮಗೆ ಹೇಳಪ್ಪ ಅಂತ ಕೇಳೋಣ ಅಂತ. ಅವನು ನಕ್ಕ. ಎರಡು ಖಾಲಿ ಇವೆಯಲ್ಲ ತಾಯಿ, ಸೋಮವಾರವೂ ಒಬ್ಬರು ಕೇಳಿದ್ರು ಅಂದ."

ಚಿಕ್ಕಮ್ಮ ಸುಲಿಯುತ್ತಿದ್ದ ಕಾಯಿ ಕೆಳಗಿಟ್ಟು, ಹುಡುಗಿಗೆ ಹೇಳಿಬಿಟ್ಟಿರಾ ಎಂದು ಕೇಳಿದಳು.

"ಇಲ್ಲ."

"ಮತ್ತೆ ಕೋಣೆ?"

"ಆಮೇಲೆ ಹೇಳ್ತೀನಿ ಅಂದು ಇಟ್ಟೆ. ನೀನೂ ಹಾಗೇ ಅಂದಿದ್ದೆಯಂತೆ." ಅಜ್ಜಿ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ಇದೆ ಅಂದ ಮೇಲೆ ಯೋಚನೆ ಬಂತು, ನನಗೂ ಅವಳು ಅಲ್ಲಿಗೆ ಹೋಗೋದು ಬೇಡ ಕಣೇ. ಹೋದರೆ ಅಪ್ಪನ್ನ ಕೇಳ್ತಾಳೆ, ಅಮ್ಮ ಎಲ್ಲಿ ಕೂತಿದ್ದಳು, ಹೇಗೆ ಎಣಿಸಿದಳು ಅಂತ. ನನ್ನ ಮಗಳು ಎಣಿಸಲೇ ಇಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದರು. ಉಲ್ಕೆ ನೋಡಿದ ಮರುದಿನ ಬೆಳಿಗ್ಗೆ ಮಗಳು ಎಕ್ಸ್‌ಚೇಂಜಿಗೇ ಫೋನ್ ಮಾಡಿದ್ದಳು. ಗಂಡನಿಗೆ ನೆಗಡಿಯಾಯಿತು, ಏಳೋ ಎಂಟೋ ಕಂಡವು, ಚಳಿ ತಡೆಯಲಾರದೆ ಒಳಗೆ ಹೋಗಿ ಮಲಗಿದೆವು ಅಂದಿದ್ದಳು. ನೂರ ಹನ್ನೆರಡು ಎಂಬ ಲೆಕ್ಕ ಅಜ್ಜಿಯೇ ಕಟ್ಟಿದ್ದು. ಚಿಕ್ಕಮ್ಮ ಮದುವೆಯಾಗಿ ಬಂದ ವಾರ ಹುಡುಗಿಗೆ ಒಂದು ನೀಲಿ ಫ್ರಾಕು ಹೊಲಿದು ಕೊಟ್ಟಿದ್ದಳು. ಒಂಬತ್ತು ವರ್ಷದ ಪಿಟೀಲು ಅದನ್ನು ಮೂರು ದಿನ ಮೈಮೇಲಿಂದ ಬಿಚ್ಚಲಿಲ್ಲ, ಮಲಗುವಾಗಲೂ ಅದೇ.

"ನನ್ನ ಮಗಳನ್ನ ಒಂದು ಫ್ರಾಕಿಗೆ ಮರೀತಾಳಲ್ಲ ಅಂತ ನನ್ನ ಹೊಟ್ಟೆ ಉರೀತು. ಆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿದೆ, ನಿಮ್ಮಮ್ಮ ನೂರ ಹನ್ನೆರಡು ಎಣಿಸಿದ್ದಳು ಅಂತ. ಬೆಳಿಗ್ಗೆ ಅವಳು ಅಪ್ಪನ್ನ ಕೇಳಿದಳು, ಹೌದಾ ಅಂತ. ಅವನು ನನ್ನ ಮುಖ ನೋಡಿದ. ಹೌದು ಅಂದ."

ಚಿಕ್ಕಮ್ಮನಿಗೆ ನಗು ಬಂತು, ಸಿಟ್ಟೂ ಬಂತು. ಆರು ವರ್ಷ ತಾನು ಯಾರಿಗೆ ಉರಿದುಕೊಂಡಳೋ ಆ ಹೆಂಗಸು ಚಳಿಗೆ ಹೆದರಿ ಒಳಗೆ ಹೋಗಿ ಮಲಗಿದವಳು. ಅದೇ ಆರು ವರ್ಷ ತನ್ನನ್ನು ನೋಡಿ ಉರಿದುಕೊಂಡವರು ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದಾರೆ. ಅಜ್ಜಿ, ನೀನು ಏನು ಮಾಡ್ತೀಯೋ ಮಾಡು, ನಾನಾಗಿ ಬಾಯಿ ಬಿಡೋದಿಲ್ಲ ಎಂದು ಬಟ್ಟಲು ಎತ್ತಿಕೊಂಡು ಎದ್ದರು.

ಇಬ್ಬರೂ ಬಾಯಿ ಬಿಡದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶುಕ್ರವಾರ ಪಿಟೀಲು ಶಾಲೆ ಬಿಟ್ಟವಳು ನೇರ ವರ್ಕ್‌ಶಾಪಿಗೆ ಬಂದಳು. ಹಿಂದೆಂದೂ ಬಂದವಳಲ್ಲ. ಹೊಲಿಗೆ ಯಂತ್ರಗಳ ಸದ್ದಿನ ನಡುವೆ ದಾರಿ ಮಾಡಿಕೊಂಡು ಕತ್ತರಿಸುವ ಮೇಜಿನ ಹತ್ತಿರ ನಿಂತು, ಕೆಂಪು ಬಟ್ಟೆಯ ತುಂಡು ಇದ್ದರೆ ಬೇಕು, ಟಾರ್ಚಿಗೆ ಕಟ್ಟೋಕೆ ಅಂದಳು. ಕತ್ತಲಿಗೆ ಒಗ್ಗಿದ ಕಣ್ಣು ಬಿಳಿ ಬೆಳಕಿಗೆ ಕೆಡುತ್ತದಂತೆ, ಕೆಂಪಿಗೆ ಕೆಡುವುದಿಲ್ಲವಂತೆ. ಸಮುದ್ರದ ಕಡೆ ಬೆಳಕು ಹೆಚ್ಚು, ಆದರೂ ಲಾಡ್ಜಿನಿಂದ ಒಂದು ಕಿಲೋಮೀಟರು ನಡೆದರೆ ಬಂಡೆಗಳ ಮರೆ ಸಿಗುತ್ತೆ, ಅಲ್ಲಿಂದ ಸ್ವಲ್ಪ ಕಾಣಬಹುದು, ನಕ್ಷೆಯಲ್ಲಿ ನೋಡಿದ್ದೇನೆ ಎಂದೂ ಹೇಳಿದಳು. ಹುಡುಗಿ ತನ್ನ ಮಟ್ಟಿಗೆ ಸಮುದ್ರವನ್ನು ಒಪ್ಪಿಕೊಂಡು ಅದರಲ್ಲೇ ಒಳ್ಳೆಯದನ್ನು ಹುಡುಕುತ್ತಿದ್ದಳು.

ಗುಂಡಿ ಹಾಕುವವಳು ಕನ್ನಡಕದ ಮೇಲಿನಿಂದ ನೋಡಿ, "ಇವಳು ನಿನ್ನ ಮಗಳಾ?" ಎಂದು ಕೇಳಿದಳು.

ಚಿಕ್ಕಮ್ಮ ಉತ್ತರ ಹುಡುಕುವಷ್ಟರಲ್ಲಿ ಪಿಟೀಲು "ಹೂಂ" ಅಂದಳು. ಯೋಚಿಸಿ ಹೇಳಿದ ಮಾತಲ್ಲ. ಅವಳ ಕಣ್ಣು ಚಿಂದಿಬಟ್ಟೆಯ ಬುಟ್ಟಿಯ ಮೇಲಿತ್ತು.

ಇಂಥದೊಂದು ಹೂಂಗಾಗಿ ಚಿಕ್ಕಮ್ಮ ಆರು ವರ್ಷ ಕಾದಿದ್ದಳು. ಈಗ ಅದು ಸುಳ್ಳಿನ ಬೆನ್ನ ಮೇಲೆ ಕೂತು ಬಂದಿತ್ತು. ಕೆಂಪು ಬಟ್ಟೆಯ ತುಂಡು ಕತ್ತರಿಸಿ ಹುಡುಗಿಯ ಕೈಗೆ ಕೊಟ್ಟಳು.

ಶನಿವಾರ ಬೆಳಿಗ್ಗೆ ನಾಲ್ವರೂ ತಿಂಡಿಗೆ ಕೂತಿದ್ದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅವಳು ಯಾರಿಗೂ ಬಡಿಸದೆ, ನಿಂತುಕೊಂಡೇ ಹೇಳಿಬಿಟ್ಟಳು. ಹಿನ್ನೀರಿನಲ್ಲಿ ಕೋಣೆ ಇತ್ತು. ಎರಡೂ ಇತ್ತು. ಇಲ್ಲ ಅಂತ ನಾನೇ ಸುಳ್ಳು ಹೇಳಿದೆ.

ಗಂಡನ ಕೈಯಲ್ಲಿ ಚಹಾದ ಲೋಟ ಅರ್ಧದಲ್ಲೇ ನಿಂತಿತು. ಪಿಟೀಲಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

"ನಮ್ಮಮ್ಮ ಅಲ್ಲಿ ನೂರ ಹನ್ನೆರಡು ಎಣಿಸಿದ್ದಳು," ಅಂದಳು. "ಅದನ್ನ ಸಹಿಸೋಕೆ ನಿಮ್ಮಿಂದ ಆಗಲಿಲ್ಲ. ಅಷ್ಟೇ ತಾನೇ?"

ಅಜ್ಜಿ ಚಮಚ ಕೆಳಗಿಟ್ಟರು. ಗಂಡ ಕಿಟಕಿಯ ಕಡೆ ತಿರುಗಿದ. ಚಿಕ್ಕಮ್ಮನ ನಾಲಿಗೆಯ ತುದಿಯಲ್ಲಿ ಏಳೋ ಎಂಟೋ ಎಂಬ ಮಾತು ಬಂದು ನಿಂತಿತ್ತು. ಆಡಿದ್ದರೆ ಗೋಡೆಯ ಮೇಲಿನ ನಗು ಅಂದಿಗೇ ಮುಗಿಯುತ್ತಿತ್ತು, ಅಜ್ಜಿಯೂ ಮೊಮ್ಮಗಳ ಕಣ್ಣಲ್ಲಿ ತನ್ನ ಮಟ್ಟಕ್ಕೇ ಇಳಿಯುತ್ತಿದ್ದರು.

"ಹೌದು," ಅಂದಳು. "ಆಗಲಿಲ್ಲ."

ಪಿಟೀಲು ಎದ್ದು ಹೋದಳು. ಅವಳ ಮೊಟ್ಟೆ ತಟ್ಟೆಯಲ್ಲೇ ಉಳಿಯಿತು. ಅಜ್ಜಿ ಕೂಡ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಎದ್ದರು. ಹೋಗುವಾಗ ಚಿಕ್ಕಮ್ಮನ ತೋಳನ್ನು ಒಂದು ಗಳಿಗೆ ಹಿಡಿದು ಬಿಟ್ಟರು.

ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ ಅವನು ಕೇಳಿದ. "ನನ್ನ ಹತ್ತಿರ ಒಂದು ಮಾತು ಹೇಳಿದ್ದರೆ ಆಗ್ತಿರಲಿಲ್ವಾ?"

"ಏನಂತ ಹೇಳಬೇಕಿತ್ತು? ಹದಿನಾರು ವರ್ಷದ ಹಿಂದೆ ನೀವು ಯಾರ ಜೊತೆಗೋ ಹೊದಿಕೆ ಹೊದ್ದಿದ್ದೀರಿ, ನನಗೆ ತಡೆಯೋಕಾಗ್ತಿಲ್ಲ ಅಂತಲಾ?"

"ಯಾರ ಜೊತೆಗೋ ಅಲ್ಲ," ಅಂದ ಅವನು. ಹೇಳಿದ ಮೇಲೆ ಆ ಮಾತು ಎಲ್ಲಿ ತಾಗಿತೆಂದು ತಿಳಿದು, ಲೋಟ ತೊಳೆಯಲು ಎದ್ದ. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು. "ಆ ಫೋಟೋ ಗೋಡೆಯಿಂದ ಇಳಿಸಿ ಅಂತ ಒಂದು ದಿನ ಹೇಳ್ತೀಯಾ ಅಂದುಕೊಂಡಿದ್ದೆ. ನೀನು ದಿನಾ ಒರೆಸ್ತಾ ಇದ್ದೆ. ಬೇಜಾರಿಲ್ಲವೇನೋ ಅಂದುಕೊಂಡೆ."

ದಿನಾ ಅಲ್ಲ, ವಾರಕ್ಕೊಮ್ಮೆ ಎಂದಳು ಅವಳು.

ಅವನು ಹಿನ್ನೀರಿಗೆ ಮತ್ತೆ ಫೋನ್ ಮಾಡಿದ. ಅಷ್ಟರಲ್ಲಿ ಉಳಿದದ್ದು ಒಂದೇ ಕೋಣೆ, ಎರಡು ಮಂಚದ್ದು. ನೆಲದ ಮೇಲೆ ಹಾಸಿಗೆ ಹಾಕಿಕೊಳ್ಳಲು ಮೇಟಿ ಒಪ್ಪಲಿಲ್ಲ. ಪಿಟೀಲು ಒಳಗಿನಿಂದಲೇ, "ಅಪ್ಪ, ನಾವಿಬ್ಬರೇ ಹೋಗೋಣ," ಅಂದಳು. ಅವನು ಹೆಂಡತಿಯ ಮುಖ ನೋಡಿದ. ಹೋಗಿ ಬನ್ನಿ ಎಂದಳು ಅವಳು. ಬೇರೆ ಏನನ್ನೂ ಹೇಳುವ ಹಕ್ಕು ತನಗಿದೆ ಎಂದು ಅವಳಿಗೆ ಅನಿಸಲಿಲ್ಲ.

ಹದಿಮೂರರ ಬೆಳಿಗ್ಗೆ ಅಪ್ಪ ಮಗಳು ಬಸ್ಸು ಹತ್ತಿದರು. ಹಿಂದಿನ ದಿನ ಚೀಲ ತುಂಬಿಸಿದವಳು ಚಿಕ್ಕಮ್ಮನೇ: ಉಣ್ಣೆಯ ಕಾಲುಚೀಲ, ಟೋಪಿ, ಗಂಡನಿಗೆ ನೆಗಡಿಯ ಮಾತ್ರೆ. ಪಿಟೀಲು ಆ ವಾರವೆಲ್ಲ ಅವಳ ಜೊತೆ ಮಾತಾಡಿದ್ದು ಎರಡೇ ಸಲ, ಎರಡೂ ಸಲ ಬಾತ್‌ರೂಮು ಖಾಲಿಯಿದೆಯಾ ಎಂದು. ಹೊರಡುವಾಗ ಅಜ್ಜಿಯ ಕೆನ್ನೆಗೆ ಮುತ್ತಿಟ್ಟು, ಚಿಕ್ಕಮ್ಮನ ಪಕ್ಕದಿಂದ ದಾಟಿ ಹೋದಳು.

ಆ ದಿನ ಕೆಲಸದಲ್ಲಿ ಅವಳು ಅಳತೆ ತಪ್ಪಿ ಎರಡು ಕೋಟು ಹಾಳು ಮಾಡಿದಳು. ಸಂಜೆ ಬಟ್ಟೆ ಒಣಗಿಸುವ ನೆಪದಲ್ಲಿ ಮೂರು ಸಲ ತಾರಸಿಗೆ ಹೋದಳು. ಪಶ್ಚಿಮದಿಂದ ಮೋಡ ಬರುತ್ತಿತ್ತು. ಹಿನ್ನೀರೂ ಅದೇ ದಿಕ್ಕಿನಲ್ಲಿತ್ತು. ಬರಲಿ, ಚೆನ್ನಾಗಿ ಕವಿಯಲಿ ಎಂದು ಅವಳ ಮನಸ್ಸು ಹೇಳಿತು. ಅಪ್ಪ ಮಗಳು ಕಲ್ಲುಬೆಂಚಿನ ಮೇಲೆ ಕೂತು ಬೂದು ಆಕಾಶ ನೋಡಿ ಹಲ್ಲು ಕಟಕಟಿಸಿಕೊಂಡು ಒಳಗೆ ಹೋಗುವ ಚಿತ್ರವನ್ನು ಕಟ್ಟಿಕೊಂಡಳು. ಅದರ ಸುಖ ಬಟ್ಟೆ ಮಡಿಸಿ ಕೆಳಗೆ ಬರುವವರೆಗೂ ಇತ್ತು. ಅಡುಗೆಮನೆಯಲ್ಲಿ ಅಜ್ಜಿ ಕೂತಿದ್ದರು. ಇಬ್ಬರೂ ಬೇಯಿಸಿದ ಆಲೂಗಡ್ಡೆ ತಿಂದು ಬೇಗ ಮಲಗಿದರು.

ಬೆಳಿಗ್ಗೆ ಆರು ಗಂಟೆಗೆ ಅವಳ ಫೋನ್ ಬಡಿದುಕೊಂಡಿತು. ಗಂಡನ ನಂಬರು. ಆದರೆ ಆ ಕಡೆಯಿಂದ ಕೇಳಿಸಿದ್ದು ಪಿಟೀಲಿನ ದನಿ, ಅತ್ತು ಕಟ್ಟಿಕೊಂಡ ದನಿ.

"ಮೋಡ. ರಾತ್ರಿಯೆಲ್ಲಾ ಮೋಡ. ಒಂದೂ ಕಾಣಲಿಲ್ಲ."

ಬೇಡಿಕೊಂಡದ್ದು ನೆರವೇರಿದ ಸುದ್ದಿ ಕಿವಿಗೆ ಬಿದ್ದಾಗ ಚಿಕ್ಕಮ್ಮನಿಗೆ ಅಯ್ಯೋ ಎಂದಷ್ಟೇ ಹೇಳಲು ಆಯಿತು. ಪಿಟೀಲು ಮೂಗು ಏರಿಸಿಕೊಂಡು ಮುಂದುವರಿಸಿದಳು. ಈಗ ಆಕಾಶ ತೊಳೆದಿಟ್ಟ ಹಾಗಿದೆ. ಇವತ್ತು ರಾತ್ರಿಯೂ ಬೀಳುತ್ತವೆ, ನಿನ್ನೆಗಿಂತ ಕಡಿಮೆ, ಆದರೂ ಬೀಳುತ್ತವೆ. ಕೋಣೆಯೂ ಖಾಲಿಯೇ ಇದೆ, ಮೇಟಿ ಇರಿ ಅಂತಾನೆ. ಅಪ್ಪ ಮಾತ್ರ ಚೀಲ ಕಟ್ಟುತ್ತಿದ್ದಾರೆ.

"ಯಾಕಂತೆ?"

"ಚಿಕ್ಕಮ್ಮ ಒಬ್ಬಳೇ ಇದ್ದಾಳೆ, ಬೇಜಾರು ಮಾಡ್ಕೊಂಡಿರ್ತಾಳೆ, ಹೋಗೋಣ ಅಂತಾರೆ. ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

ಬನ್ನಿ ಅಂದರೆ ಸಾಕು, ಮಧ್ಯಾಹ್ನದೊಳಗೆ ಗಂಡ ಬಾಗಿಲಲ್ಲಿ ಇರುತ್ತಿದ್ದ. ತನಗಾಗಿ ಹಿನ್ನೀರು ಬಿಟ್ಟು ಬರಲು ಚೀಲ ಕಟ್ಟುತ್ತಿದ್ದಾನೆ ಎಂಬ ಮಾತು ಎದೆಯಲ್ಲಿ ಬೆಚ್ಚಗೆ ಕೂತಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ. ಹೊಟ್ಟೆಯೊಳಗಿನ ಉರಿಯೂ ಆರಿರಲಿಲ್ಲ.

"ಅಪ್ಪನಿಗೆ ಕೊಡು," ಅಂದಳು.

ಗಂಡ ಫೋನ್ ತೆಗೆದುಕೊಂಡು, ಹೊರಟೆವು, ಒಂಬತ್ತರ ಬಸ್ಸಿದೆ ಅಂದ.

"ಹೊರಡಬೇಡಿ. ಇವತ್ತೂ ಇದ್ದು ನೋಡಿಕೊಂಡು ಬನ್ನಿ."

"ನೀನು?"

"ನನಗೇನಾಗಿದೆ? ಅಜ್ಜಿ ಇದ್ದಾರೆ, ಕೆಲಸ ಇದೆ." ಅವಳ ದನಿ ಸ್ವಲ್ಪ ಒರಟಾಯಿತು. "ರಾತ್ರಿ ಚಳಿಯಾಗುತ್ತೆ. ಅವಳಿಗೆ ಸರಿಯಾಗಿ ಹೊದಿಸಿ."

ಆ ಕಡೆ ಪಿಟೀಲು ಏನೋ ಕೂಗಿದ್ದು ಕೇಳಿಸಿತು. ಮಾತು ತಿಳಿಯಲಿಲ್ಲ, ಖುಷಿಯದು ಎಂದು ಮಾತ್ರ ತಿಳಿಯಿತು. ಫೋನ್ ಕೆಳಗಿಟ್ಟು ಅವಳು ಮುಖ ತೊಳೆದು ಅಡುಗೆಮನೆಗೆ ಹೋದಳು. ಅಜ್ಜಿ ಆಗಲೇ ಎದ್ದು ಒಲೆ ಹಚ್ಚಿ, ಯಾರದು ಫೋನು, ಎಷ್ಟು ಹೊತ್ತಿಗೆ ಬರ್ತಾರಂತೆ ಎಂದು ಕೇಳಿದರು.

"ನಾಳೆ," ಅಂದಳು ಚಿಕ್ಕಮ್ಮ. ಪಾತ್ರೆಗೆ ನೀರು ಹಿಡಿದು, ಎರಡೇ ಎರಡು ಮೊಟ್ಟೆ ಹಾಕಿದಳು.